ಹೆಜ್ಜೆ ಮೊದಲು, ಪೆಟ್ಟು ಆಮೇಲೆ

ನಮ್ಮ ಯಕ್ಷಗಾನ ಕೇಂದ್ರದ ಕಪಾಟಿನಲ್ಲಿ 140 ವಿಎಚ್‌ಎಸ್ ಕ್ಯಾಸೆಟ್‌ಗಳಿದ್ದವು. ಹೆಚ್ಚಿನವು ಇಡೀ ರಾತ್ರಿಯ ಆಟಗಳು. ಒಂದೊಂದಕ್ಕೂ ಮೂರು ಗಂಟೆಯ ಮೂರು ಕ್ಯಾಸೆಟ್. ಕರಾವಳಿಯ ಮಳೆಗಾಲಕ್ಕೆ ಸಿಕ್ಕಿ ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಇವನ್ನು ಡಿಜಿಟಲ್ ಮಾಡುವ ಯಂತ್ರಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೇಂದ್ರದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವವನು ನಾನೊಬ್ಬನೇ, ಅದೇ ಅರ್ಹತೆ.

ಇದ್ದ ದುಡ್ಡಿನ ಮುಕ್ಕಾಲು ಪಾಲನ್ನು ಹೊಸ ಕಂಪ್ಯೂಟರಿಗೆ ಸುರಿದೆ. ಯುಎಸ್‌ಬಿಗೆ ಚುಚ್ಚುವ ಅಗ್ಗದ ಕ್ಯಾಪ್ಚರ್ ಕಡ್ಡಿಯೊಂದನ್ನು ತಂದೆ. ಪ್ಲೇಯರ್ ಕಚೇರಿಯಲ್ಲೇ ಇತ್ತಲ್ಲ! ಕಪಾಟಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಕ್ಯಾಸೆಟ್ ಹಾಕಿ ನೋಡಿದೆ. ಚಿತ್ರ ಬಂತು, ಧ್ವನಿ ಬಂತು, ಸಮಿತಿಯವರು ತಲೆಯಾಡಿಸಿದರು.

ಆಟದ ಕ್ಯಾಸೆಟ್ ಹಾಕಿದಾಗ ಬಣ್ಣ ಬಯಲಾಯಿತು. ಮೊದಲರ್ಧ ಗಂಟೆ ಏನೂ ಗೊತ್ತಾಗಲಿಲ್ಲ. ಮೂರನೇ ಗಂಟೆಯ ಹೊತ್ತಿಗೆ ವೇಷಧಾರಿ ದಿಗಿಣ ಹಾರಿ ನೆಲಕ್ಕಿಳಿದ ಎರಡು ಸೆಕೆಂಡಿನ ಮೇಲೆ ಚೆಂಡೆ ಕೇಳುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಭಾಗವತರು, “ಇದೆಂಥದ್ದು ಮಾರಾಯ್ರೆ, ಹೆಜ್ಜೆ ಮೊದಲು, ಪೆಟ್ಟು ಆಮೇಲೆ!” ಎಂದರು.

ನಮ್ಮಲ್ಲಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್. ಹಳೆಯ ಟೇಪ್ ಎಳೆದೆಳೆದು ಸಡಿಲಾಗಿ ಸಂಕೇತ ಅಲುಗಾಡಿದಾಗ ಆ ಕಡ್ಡಿ ಒಂದೊಂದೇ ಫ್ರೇಮನ್ನು ನುಂಗುತ್ತಿತ್ತು. ಧ್ವನಿ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. 50 ಫ್ರೇಮ್ ಹೋದರೆ ಎರಡು ಸೆಕೆಂಡ್. ಭಾಷಣದ ಕ್ಯಾಸೆಟ್ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತೇನೋ. ತಾಳದ ಮೇಲೆಯೇ ನಿಂತ ಕಲೆಗೆ ಅದು ನಡೆಯುವುದಿಲ್ಲ.

ದಾರಿ ತೋರಿಸಿದವರು ಮದುವೆ ವಿಡಿಯೊ ಮಾಡಿ ನಿವೃತ್ತರಾದ ಒಬ್ಬರು. “ಕಂಪ್ಯೂಟರ್ ನಾಳೆಯೂ ಸಿಗ್ತದೆ. ಒಳ್ಳೆ ಪ್ಲೇಯರ್ ಎಲ್ಲಿಂದ ತರ್ತೀರಿ?” ಎಂದರು. ನಿಜವೇ. ಕೊನೆಗೆ ಜಪಾನಿನ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಕೆ ನಿಲ್ಲಿಸಿದ್ದು 2016ರಲ್ಲಿ. ಆಮೇಲೆ ಉಳಿದದ್ದೆಲ್ಲ ಸೆಕೆಂಡ್‌ಹ್ಯಾಂಡ್. ಅವರ ಅಟ್ಟದಲ್ಲಿದ್ದ ಎಸ್-ವಿಎಚ್‌ಎಸ್ ಡೆಕ್ ನಮಗೆ ಸಿಕ್ಕಿತು. ಅದರೊಳಗಿನ ಟೈಮ್ ಬೇಸ್ ಕರೆಕ್ಟರ್, ಹಿಂದೆಮುಂದೆ ಬರುವ ಚಿತ್ರದ ಗೆರೆಗಳನ್ನು ಕ್ಷಣ ತಡೆದು ಸಾಲಾಗಿ ಬಿಡುತ್ತದೆ. ಜೊತೆಗೆ, ಧ್ವನಿ ಮತ್ತು ಚಿತ್ರವನ್ನು ಒಂದೇ ಗಡಿಯಾರಕ್ಕೆ ಕಟ್ಟುವ ಹಳೆಯ ಡಿವಿ ಕನ್ವರ್ಟರ್ ಒಂದನ್ನೂ ಕೊಟ್ಟರು. ಅದಕ್ಕೆ ಬೇಕಾದ ಫೈರ್‌ವೈರ್ ಕಿಂಡಿ ನನ್ನ ಹೊಸ ಕಂಪ್ಯೂಟರಿನಲ್ಲಿ ಇರಲಿಲ್ಲ! ಮೂಲೆ ಸೇರಿದ್ದ ಹಳೆಯ ಡೆಸ್ಕ್‌ಟಾಪಿನಲ್ಲಿತ್ತು. ಹೊಸದು ಈಗ ರಸೀದಿ ಮುದ್ರಿಸುತ್ತಿದೆ.

ಹಾರ್ಡ್ ಡಿಸ್ಕಿನ ಲೆಕ್ಕವನ್ನೂ ನಾನು ಮೊದಲೇ ಹಾಕಿರಲಿಲ್ಲ. ಡಿವಿಯಲ್ಲಿ ಗಂಟೆಗೆ ಸುಮಾರು 13 ಜಿಬಿ. 420 ಗಂಟೆಗೆ ಐದೂವರೆ ಟಿಬಿ, ಎರಡು ಪ್ರತಿಗೆ ಹನ್ನೊಂದು. ಸಮಿತಿಯ ಮುಂದೆ ಎರಡನೇ ಸಲ ಕೈಯೊಡ್ಡಿದ್ದು ಇದಕ್ಕೇ.

ಕೇಂದ್ರದ ಪ್ರಸಂಗದ ಪುಸ್ತಕಗಳಿಗೆಂದು ಕೊಂಡ ಸ್ಕ್ಯಾನರಿನಲ್ಲೂ ಇದೇ ಕತೆ. ನೋಡಲು ತೆಳ್ಳಗೆ, ಚೆಂದಕ್ಕಿದೆಯೆಂದು ಸಿಐಎಸ್ ಜಾತಿಯದನ್ನು ತಂದೆ. ಗಾಜಿಗೆ ತಾಗಿದ್ದಷ್ಟೇ ಅದಕ್ಕೆ ಸ್ಪಷ್ಟ. ದಪ್ಪ ಬೈಂಡಿನ ಪ್ರಸಂಗದ ಪುಸ್ತಕ ಮಧ್ಯದಲ್ಲಿ ಗಾಜಿನಿಂದ ಎದ್ದು ನಿಂತಲ್ಲಿ ಅಕ್ಷರಗಳು ಮಸುಕಾದವು. ಸಿಸಿಡಿ ಸ್ಕ್ಯಾನರ್ ತಂದ ಮೇಲೆ ಆ ಸಾಲುಗಳನ್ನು ಓದುವಂತಾಯಿತು. ಈಗ ಏನೇ ಕೊಳ್ಳುವಾಗಲೂ ಅಂಗಡಿಗೆ ಅತ್ಯಂತ ಹದಗೆಟ್ಟ ಪುಸ್ತಕ, ಅತ್ಯಂತ ಕೆಟ್ಟ ಕ್ಯಾಸೆಟ್ ಒಯ್ಯುತ್ತೇನೆ. ಅಂಗಡಿಯವರಿಗೆ ಇಷ್ಟವಾಗುವುದಿಲ್ಲ.

ಬೂಷ್ಟು ಹಿಡಿದ 11 ಕ್ಯಾಸೆಟ್‌ಗಳನ್ನು ಬೇರೆ ಡಬ್ಬದಲ್ಲಿಟ್ಟಿದ್ದೇವೆ. ಅವನ್ನು ಹಾಕಿ ಆ ಡೆಕ್ಕಿನ ಹೆಡ್ ಹಾಳು ಮಾಡಿಕೊಂಡರೆ ಇನ್ನೊಂದಿಲ್ಲ. ಒರೆಸಿ, ಒಣಗಿಸಿ ಓಡಿಸಲು, ಕೆಟ್ಟರೂ ಚಿಂತೆಯಿಲ್ಲದ ಒಂದು ಹಳೆಯ ಪ್ಲೇಯರ್ ಹುಡುಕುತ್ತಿದ್ದೇನೆ.