ಡಿವಿಡಿ ಬರೆಯುವವರ ಗಮನಕ್ಕೆ: ಮಾಡಬೇಕಾದ್ದು, ಮಾಡಬಾರದ್ದು

ಯಲಿಯೂರು, ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನ ಸ್ಟುಡಿಯೋದವರಿಗೆ ಮತ್ತು ಮನೆಯಲ್ಲೇ ಡಿಸ್ಕ್ ಬರೆದುಕೊಳ್ಳುವವರಿಗೆ.

ಮದುವೆಯದ್ದಿರಲಿ, ಊರ ಹಬ್ಬದ್ದಿರಲಿ, ಕುರುಕ್ಷೇತ್ರ ನಾಟಕದ್ದಿರಲಿ, ಡಿಸ್ಕ್ ನಿಮ್ಮ ಕೈದಾಟಿದ ಮೇಲೆ ಯಾರ ಮನೆಯ ಯಾವ ಪ್ಲೇಯರ್‌ಗೆ ಬೀಳುತ್ತದೋ ಗೊತ್ತಿಲ್ಲ. ಆದ್ದರಿಂದ ಬರ್ನ್ ಬಟನ್ ಒತ್ತುವ ಮೊದಲು ಗಿರಾಕಿಯನ್ನು ಕೇಳಿ: ಇದನ್ನು ಹಾಕುವುದು ಟಿವಿಯ ಪ್ಲೇಯರ್‌ಗೋ, ಕಂಪ್ಯೂಟರ್‌ಗೋ? ಫೈಲ್ ಸಿಸ್ಟಮ್ ಆರಿಸಬೇಕಾದ್ದು ಆ ಉತ್ತರ ನೋಡಿಕೊಂಡು.

ಮಾಡಬೇಕಾದ್ದು

ಟಿವಿ ಪ್ಲೇಯರ್‌ಗಾದರೆ ಸಾಫ್ಟ್‌ವೇರ್‌ನಲ್ಲಿ ಡಿವಿಡಿ-ವಿಡಿಯೋ ಆಯ್ಕೆಯನ್ನೇ ತೆಗೆದುಕೊಳ್ಳಿ. ಅದು ಯುಡಿಎಫ್ 1.02 ಮತ್ತು ಐಎಸ್‌ಒ 9660 ಎಂಬ ಎರಡು ಫೈಲ್ ಸಿಸ್ಟಮ್‌ಗಳನ್ನೂ ಒಟ್ಟಿಗೆ ಬರೆಯುತ್ತದೆ. ಇದಕ್ಕೆ ಯುಡಿಎಫ್ ಬ್ರಿಡ್ಜ್ ಎನ್ನುತ್ತಾರೆ. ಹಳೆಯ ಪ್ಲೇಯರ್‌ಗಳು ನಂಬಿಕೊಂಡಿರುವುದು ಇದನ್ನೇ. ವಿಡಿಯೋ ಪಾಲ್ ಪದ್ಧತಿಯಲ್ಲಿರಲಿ.

ಫೋಟೊ, ದಾಖಲೆ ಕಂಪ್ಯೂಟರ್‌ಗೆ ಕೊಡುವುದಾದರೆ ಐಎಸ್‌ಒ ಜೊತೆ ಜೋಲಿಯೆಟ್ ಸೇರಿಸಿ. ಬರೀ ಐಎಸ್‌ಒದ ಮೊದಲ ಹಂತ ಬಹಳ ಬಿಗಿ: ಹೆಸರಿಗೆ 8 ಅಕ್ಷರ, ಚುಕ್ಕಿ, ಆಮೇಲೆ 3 ಅಕ್ಷರ, ಅದೂ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆ ಮಾತ್ರ. ಕನ್ನಡ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಜೋಲಿಯೆಟ್‌ನಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ, ಮಿತಿ 64. ಆದರೆ ಲೆಕ್ಕ ಬೇರೆ. 'ಯಲಿಯೂರು' ಕಣ್ಣಿಗೆ 4 ಅಕ್ಷರ, ಡಿಸ್ಕ್‌ಗೆ 7, ಏಕೆಂದರೆ ಗುಣಿತದ ಒಂದೊಂದು ಚಿಹ್ನೆಯೂ ಬೇರೆ ಸಂಕೇತ. 'ಮದ್ದೂರು' 3 ಅಕ್ಷರ, ಅದೂ 7; ಒತ್ತಕ್ಷರವಿದ್ದರೆ ಇನ್ನೂ ಬೇಗ ತುಂಬುತ್ತದೆ. ವಧೂವರರ ಹೆಸರು, ಊರು, ಛತ್ರ, ತಾರೀಕು ಎಲ್ಲವನ್ನೂ ಒಂದೇ ಫೈಲಿನ ಹೆಸರಿಗೆ ತುರುಕಿದರೆ ಕೊನೆ ಕತ್ತರಿಸಿಹೋಗುತ್ತದೆ. ಹೆಸರು ಚಿಕ್ಕದಿರಲಿ, ವಿವರ ಫೋಲ್ಡರ್‌ಗೆ ಹೋಗಲಿ.

ಒಂದೇ ಫೈಲ್ 4 ಜಿಬಿ ಮುಟ್ಟುತ್ತಿದ್ದರೆ ಯುಡಿಎಫ್ ಆರಿಸಿ.

ಕೊನೆಗೆ ಡಿಸ್ಕ್ ಫೈನಲೈಸ್ ಮಾಡಿ, ವೆರಿಫೈ ಟಿಕ್ ಹಾಕಿ. ಎಷ್ಟೇ ಅವಸರವಿದ್ದರೂ ಇವೆರಡನ್ನು ಬಿಡಬೇಡಿ.

ಪೊಲೀಸರಿಗೆ, ನ್ಯಾಯಾಲಯಕ್ಕೆ ಕೊಡುವ ಡಿಸ್ಕ್ ಒಮ್ಮೆ ಮಾತ್ರ ಬರೆಯುವಂಥ ಡಿವಿಡಿ-ಆರ್ ಆಗಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ (ಫೈಲಿನೊಳಗಿರುವುದರಿಂದ ಲೆಕ್ಕಹಾಕಿ ತೆಗೆದ ಗುರುತುಸಂಕೇತ) ಬರೆಯಬೇಕು. ಮೂಲದ ಹ್ಯಾಶ್‌ಗೂ ಡಿಸ್ಕ್‌ನಲ್ಲಿರುವ ಪ್ರತಿಯ ಹ್ಯಾಶ್‌ಗೂ ತಾಳೆ ನೋಡಿಯೇ ಕೊಡಿ.

ಮಾಡಬಾರದ್ದು

ಖಾಲಿ ಡಿಸ್ಕ್ ಹಾಕಿದೊಡನೆ ವಿಂಡೋಸ್ ಎರಡು ಆಯ್ಕೆ ತೋರಿಸುತ್ತದೆ. 'ಯುಎಸ್‌ಬಿ ಡ್ರೈವ್‌ನಂತೆ' ಎಂಬುದನ್ನು ಒತ್ತಬೇಡಿ. ಅದು ಲೈವ್ ಫೈಲ್ ಸಿಸ್ಟಮ್. ನಿಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ, ಗಿರಾಕಿಯ ಪ್ಲೇಯರ್ ಮಾತ್ರ 'ಡಿಸ್ಕ್ ಇಲ್ಲ' ಎನ್ನುತ್ತದೆ. ಬೇಕಾದ್ದು ಇನ್ನೊಂದು, 'ಸಿಡಿ/ಡಿವಿಡಿ ಪ್ಲೇಯರ್‌ನೊಂದಿಗೆ' ಎಂಬುದು. ನನ್ನ ಮಟ್ಟಿಗೆ ತೊಂದರೆಯ ಮೊದಲ ಮೂಲ ಈ ಒಂದು ಕ್ಲಿಕ್.

ಯುಡಿಎಫ್ 2.50 ಇದ್ದರೆ ಇನ್ನೂ ಹೊಸತು, ಇನ್ನೂ ಒಳ್ಳೆಯದು ಎಂದುಕೊಳ್ಳಬೇಡಿ. ಅದು ಬ್ಲೂ-ರೇಗೆ ಬಂದದ್ದು. ವಿಂಡೋಸ್ ಎಕ್ಸ್‌ಪಿ ತಾನಾಗಿ ಅದನ್ನು ಓದುವುದಿಲ್ಲ.

ಎಂಪಿ4 ಫೈಲನ್ನು ಹಾಗೇ ಡಿಸ್ಕ್‌ಗೆ ಹಾಕಿ 'ಡಿವಿಡಿ' ಎಂದು ಕೊಡಬೇಡಿ. ಅದು ಡೇಟಾ ಡಿಸ್ಕ್, ಎಲ್ಲ ಪ್ಲೇಯರ್‌ಗಳೂ ಓಡಿಸುವುದಿಲ್ಲ.

ರಾತ್ರಿಯಿಡೀ ನಡೆದ ನಾಟಕವನ್ನು ಒಂದೇ ಡಿಸ್ಕ್‌ಗೆ ಹಿಂಡಬೇಡಿ. ಡಿಸ್ಕ್ ಹಿಡಿಯುವುದು 4.7 ಜಿಬಿ, ವಿಂಡೋಸ್ ಲೆಕ್ಕದಲ್ಲಿ 4.37. ಸೆಕೆಂಡಿಗೆ 5 ಮೆಗಾಬಿಟ್‌ನಂತೆ ಸುಮಾರು 2 ಗಂಟೆ ಬರುತ್ತದೆ. ಅದಕ್ಕಿಂತ ಹಿಂಡಿದರೆ ಕೃಷ್ಣನ ಕಿರೀಟ, ಭೀಮನ ಗದೆ ಎಲ್ಲ ಚೌಕಚೌಕವಾಗಿ ಒಡೆಯುತ್ತವೆ. ನಾಲ್ಕೈದು ಡಿಸ್ಕ್ ಆಗಲಿ, ಕ್ರಮಸಂಖ್ಯೆ ಹಾಕಿಕೊಡಿ. ಆ ರಾತ್ರಿ ಬಣ್ಣ ಹಚ್ಚಿದ್ದವರು ಎಷ್ಟೋ ಮನೆಗಳಲ್ಲಿ ಈಗಿಲ್ಲ. ಅವರ ದನಿ ಮನೆಯವರಿಗೆ ಉಳಿದಿರುವುದು ಆ ಡಿಸ್ಕ್‌ನಲ್ಲೇ.

ಡಿಸ್ಕ್ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಕಾಗದದ ಲೇಬಲ್ ಅಂಟಿಸಬೇಡಿ. ಸಿಡಿ ಮಾರ್ಕರ್ ಸಾಕು.

ಗಿರಾಕಿ ತನ್ನ ಮನೆಯ ಪ್ಲೇಯರ್‌ನಲ್ಲಿ ಕೊನೆಯವರೆಗೆ ಓಡಿಸಿ ನೋಡಿ 'ಸರಿಯಿದೆ' ಎನ್ನುವ ತನಕ ಕ್ಯಾಮೆರಾ ಕಾರ್ಡ್, ಹಾರ್ಡ್‌ಡಿಸ್ಕ್‌ನಲ್ಲಿರುವ ಮೂಲವನ್ನು ದಯವಿಟ್ಟು ಅಳಿಸಬೇಡಿ.