ಚಲಚ್ಚಿತ್ರದಲ್ಲಿ ಶಬ್ದವಿನ್ಯಾಸ ಮತ್ತು ಹಿನ್ನೆಲೆ ಸಂಗೀತ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ಚಲಚ್ಚಿತ್ರವನ್ನು ನಾವು 'ನೋಡಿ ಬಂದೆವು' ಎನ್ನುತ್ತೇವೆಯೇ ಹೊರತು 'ಕೇಳಿ ಬಂದೆವು' ಎನ್ನುವುದಿಲ್ಲ. ಆದರೆ ಚಿತ್ರಮಂದಿರದಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತರೆ, ನಮ್ಮ ಮನಸ್ಸನ್ನು ನಡೆಸುವುದರಲ್ಲಿ ಕಿವಿಯ ಪಾಲು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಈ ವಿದ್ಯೆಯಲ್ಲಿ ನಾನು ಕಲಿತ ಮೊದಲ ಪಾಠಗಳನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರಲ್ಲಿಯೂ, ಕನ್ನಡದ 'ಸತಿ ಸುಲೋಚನ' 1934ರಲ್ಲಿಯೂ ತೆರೆ ಕಂಡವು. ಚಿತ್ರಕ್ಕೆ ಮಾತು ಬಂದ ಮಾತ್ರಕ್ಕೆ ಶಬ್ದಕಲೆ ಪೂರ್ಣವಾಗಲಿಲ್ಲ. ಮಾತು, ಸದ್ದು, ಸಂಗೀತ ಎಂಬ ಮೂರು ಎಳೆಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ, ನಡುವೆ ಮೌನಕ್ಕೂ ಎಡೆಯಿಟ್ಟು, ಹದವರಿತು ಬೆರೆಸುವುದೇ ಶಬ್ದವಿನ್ಯಾಸ.

ಕಳೆದ ವರ್ಷ ನಮ್ಮ ನಾಟಕಕ್ಕೆ ಮಳೆಯ ಸದ್ದು ಬೇಕಾಗಿತ್ತು. ನಿಜವಾದ ಮಳೆಯನ್ನೇ ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದೆ. ಸಭಾಂಗಣದಲ್ಲಿ ಅದನ್ನು ಕೇಳಿದ ಗೆಳೆಯರು, ಯಾರೋ ಬೋಂಡ ಕರಿಯುತ್ತಿದ್ದಾರೆಂದು ನಕ್ಕರು. ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ಮೊರಕ್ಕೆ ಒಂದು ಹಿಡಿ ಅಕ್ಕಿ ಸುರಿದು ಮೆಲ್ಲನೆ ಅತ್ತಿತ್ತ ವಾಲಿಸಿದಳು. ಅದೇ ಮಳೆ! ನಾಟಕದಲ್ಲಿ ಸುರಿದದ್ದು ಆ ಮಳೆಯೇ.

ಅವ್ವ ಮಾಡಿದ್ದಕ್ಕೆ ಹಾಲಿವುಡ್ಡಿನಲ್ಲಿ ಒಂದು ಹೆಸರುಂಟು. ಹೆಜ್ಜೆಯ ಸಪ್ಪಳ, ಬಟ್ಟೆಯ ಸರಸರ ಮುಂತಾದವನ್ನು ಚಿತ್ರವನ್ನು ನೋಡುತ್ತಲೇ ಕೈಗೆ ಸಿಕ್ಕ ವಸ್ತುಗಳಿಂದ ಹುಟ್ಟಿಸಿ ಮುದ್ರಿಸುವ ಕ್ರಮವನ್ನು, ಜ್ಯಾಕ್ ಫೋಲಿ ಎಂಬವರ ನೆನಪಿನಲ್ಲಿ, ಇಂದಿಗೂ 'ಫೋಲಿ' ಎಂದೇ ಕರೆಯುತ್ತಾರೆ. 1977ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಬೆಳಕಿನ ಕತ್ತಿಯ ಸದ್ದನ್ನು ಬೆನ್ ಬರ್ಟ್ ಅವರು ಪ್ರೊಜೆಕ್ಟರಿನ ಮೋಟಾರಿನ ಗುಂಯ್‌ಗುಟ್ಟುವಿಕೆಗೆ ಟೆಲಿವಿಷನ್ನಿನ ಗುಂಜನವನ್ನು ಕೂಡಿಸಿ ಮಾಡಿದರು. ನಿಜವಾದ ಸದ್ದಿಗಿಂತ ನಿಜವೆನ್ನಿಸುವ ಸದ್ದೇ ಇಲ್ಲಿ ಮುಖ್ಯ.

ಇನ್ನು ಹಿನ್ನೆಲೆ ಸಂಗೀತ. ಇದರಲ್ಲಿ ಗಣಿತವೂ ಇದೆ. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ದೃಶ್ಯ ಆರಂಭವಾದ 15ನೆಯ ಸೆಕೆಂಡಿಗೆ, ಎಂದರೆ 360 ಚೌಕಟ್ಟುಗಳು ಕಳೆದಾಗ, ಬಾಗಿಲು ತೆರೆಯುತ್ತದೆಂದು ಭಾವಿಸೋಣ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರ. ನಿಮಿಷಕ್ಕೆ 72 ಅಕ್ಷರಗಳ ನಡೆ ಹಿಡಿದರೆ 15 ಸೆಕೆಂಡಿನಲ್ಲಿ 18 ಅಕ್ಷರ ಮುಗಿದು, ಬಾಗಿಲು ಆವರ್ತದ ನಡುವೆ ತೆರೆಯುತ್ತದೆ. ನಡೆಯನ್ನು 64ಕ್ಕೆ ಇಳಿಸಿದರೆ ಸರಿಯಾಗಿ 16 ಅಕ್ಷರ ಮುಗಿದು, ಮೂರನೆಯ ಆವರ್ತದ ಸಮಕ್ಕೇ ಬಾಗಿಲು ತೆರೆಯುತ್ತದೆ. ನೋಡುವವನು ಎಣಿಸುವುದಿಲ್ಲ, ಆದರೆ ಅವನ ಎದೆಗೆ ಅದು ತಟ್ಟುತ್ತದೆ.

ವಾದ್ಯ ಹೆಚ್ಚಿದಷ್ಟೂ ಪರಿಣಾಮ ಹೆಚ್ಚೆಂಬುದು ತಪ್ಪು ಕಲ್ಪನೆ. 1960ರ 'ಸೈಕೋ' ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಅವರು ತಂತಿವಾದ್ಯಗಳನ್ನಷ್ಟೇ ಬಳಸಿದರು. ಅದರ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ನಿರ್ದೇಶಕ ಹಿಚ್‌ಕಾಕ್, ಅವರ ರಚನೆಯನ್ನು ಕೇಳಿ ಮನಸ್ಸು ಬದಲಾಯಿಸಿದರು. ನಮ್ಮಲ್ಲಿ ಬಿ. ವಿ. ಕಾರಂತರು 1977ರ 'ಘಟಶ್ರಾದ್ಧ'ದ ಸಂಗೀತಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದ ಕಿವಿ ಯಾರಿಗೂ ಕಡಿಮೆಯದಲ್ಲ.

ಆನಂದವರ್ಧನನು 'ಧ್ವನಿ'ಯೆಂದು ಕರೆದದ್ದು ಕಾವ್ಯದಲ್ಲಿ ವಾಚ್ಯವನ್ನು ಮೀರಿ ಹೊಳೆಯುವ ಅರ್ಥವನ್ನು. ತೆರೆಯ ಮೇಲೆ ಕಾಣದುದನ್ನು ಸೂಚಿಸುವ ಸದ್ದಿಗೂ ಆ ಮಾತು ಸಲ್ಲುತ್ತದೆಂದು ನನ್ನ ನಮ್ರ ಅಭಿಪ್ರಾಯ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಕಲಿಸುತ್ತಾರೆ. 2009ರಲ್ಲಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿಯವರು ಅಲ್ಲಿಯೇ ಓದಿದವರು. ನಾನೂ ಅಲ್ಲಿಗೆ ಪರೀಕ್ಷೆ ಬರೆಯುತ್ತೇನೆಂದಾಗ ಅಪ್ಪ, "ಇದರಿಂದ ಅನ್ನ ಹುಟ್ಟುತ್ತದೇನಪ್ಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪ ಅಕ್ಕಿ ಗಿರಣಿಯಲ್ಲಿ ದುಡಿಯುವವರು, ಓದು ಬಾರದವರು. ಆದರೆ ಯಂತ್ರದ ಸದ್ದು ಕೊಂಚ ಬದಲಾದರೂ ಬೆಲ್ಟು ಸಡಿಲವಾಯಿತೆಂದು ದೂರದಿಂದಲೇ ಹೇಳಬಲ್ಲರು. ಅದನ್ನು ನಾನು ಇಷ್ಟು ದಿನ ವಿದ್ಯೆಯೆಂದು ಎಣಿಸಿರಲಿಲ್ಲ. ಈ ಪಾಠದ ಮೊದಲ ಗುರುಗಳು ಮನೆಯಲ್ಲಿಯೇ ಇದ್ದರೆಂದು ತಿಳಿಯಲು ಕಾಲೇಜಿಗೆ ಬರಬೇಕಾಯಿತು. ಪರೀಕ್ಷೆಗೆ ಅರ್ಜಿಯನ್ನಂತೂ ಹಾಕುತ್ತೇನೆ.