ಒಡವೆ ನೋಡಬೇಕು ಅಂದರೆ

ಕಾಸಿನ ಸರವನ್ನೋ ವಜ್ರದ ಓಲೆಯನ್ನೋ ಓಎಲ್‌ಎಕ್ಸ್‌ನಲ್ಲಿ ಮಾರಲು ಹಾಕಿದ್ದೀರಿ. "ಕಣ್ಣಾರೆ ನೋಡದೆ ಹೇಗೆ ತಗೊಳ್ಳಲಿ? ಮನೆಗೇ ಬರ್ತೀನಿ ಮೇಡಂ" ಎಂದು ಫೋನು ಬರುತ್ತದೆ. ಅವರ ಮಾತು ನ್ಯಾಯವೇ. ಆದರೂ ಮನೆಗೆ ಬೇಡ. ಸರ ನೋಡಲು ಬಂದವರಿಗೆ ಬೀರು ಎಲ್ಲಿದೆ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ ಎಂಬುದೂ ಕಾಣುತ್ತದೆ.

ನಿಮ್ಮ ಲಾಕರ್ ಇರುವ ಬ್ಯಾಂಕಿಗೇ ಕರೆಯಿರಿ. ಅಲ್ಲಿ ಕ್ಯಾಮೆರಾ ಇರುತ್ತದೆ, ಒಡವೆ ಹೊತ್ತು ಊರೆಲ್ಲ ತಿರುಗುವುದೂ ತಪ್ಪುತ್ತದೆ. ಪರಿಚಯದ ಚಿನ್ನದಂಗಡಿಯವರು ಒಪ್ಪಿದರೆ ಇನ್ನೂ ವಾಸಿ. ತೂಕ, ಶುದ್ಧತೆ ಇಬ್ಬರೆದುರೇ ತೀರ್ಮಾನವಾಗುತ್ತದೆ. 2021ರ ನಂತರದ ಹಾಲ್‌ಮಾರ್ಕ್ ಒಡವೆಯಾದರೆ ಅದರ ಮೇಲಿನ ಆರು ಅಕ್ಷರ-ಅಂಕಿಗಳ ಗುರುತುಸಂಖ್ಯೆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಕೊಳ್ಳುವವರೇ ಪರೀಕ್ಷಿಸಿಕೊಳ್ಳಲಿ. ಜೊತೆಗೆ ಒಬ್ಬರನ್ನು ಕರೆದೊಯ್ಯಿರಿ. ನೀವು ಮಾತಾಡುವಾಗ ಅವರ ಕಣ್ಣು ಒಡವೆ ಬಿಟ್ಟು ಕದಲಬಾರದು. ಅಸಲಿ ಹೋಗಿ ನಕಲಿ ಬರಲು ಕ್ಷಣ ಸಾಕು.

ದುಡ್ಡಿನ ವಿಷಯದಲ್ಲಿ ದಾಕ್ಷಿಣ್ಯ ಬೇಡವೇ ಬೇಡ. ಹಣ ಪಡೆಯಲು ನೀವು ಯುಪಿಐ ಪಿನ್ ಒತ್ತಬೇಕಿಲ್ಲ, ಕೊಳ್ಳುವವರು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಹಾಗೆ ಮಾಡಿ ಎನ್ನುವವರು ಸೈನಿಕನ ಗುರುತುಚೀಟಿ ತೋರಿಸಿದರೂ ಕಳ್ಳರೇ. ಸ್ಕ್ರೀನ್‌ಶಾಟ್, ಮೆಸೇಜು ನಂಬದೆ ನಿಮ್ಮ ಖಾತೆಯನ್ನೇ ತೆರೆದು ನೋಡಿ, ಆಮೇಲೆ ಒಡವೆ ಕೊಡಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನೇ ಬಿಡುವುದಿಲ್ಲ. ಹಣ ಹೋಯಿತೆಂದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.